ಎಡಕ್ಕೆ ತಿರುಗಿಸಿದರೆ ಹಾರ್ನ್ ಬಂದ್! ಹಳೆ ಲಾರಿ ಕಲಿಸಿದ ಪಾಠ

ರಜೆಯಲ್ಲಿ ನಾವು ಮೂವರು ಬಳ್ಳಾರಿ ಕಂಟೋನ್ಮೆಂಟ್‌ನ ಒಂದು ಗ್ಯಾರೇಜಿನಲ್ಲಿ ಕೆಲಸ ನೋಡ್ತಾ ಕೂತಿದ್ದಾಗ, ಸಿರುಗುಪ್ಪದ ಕಡೆಯಿಂದ ಭತ್ತ ಹೇರುವ ಹಳೆ ಲಾರಿಯೊಂದು ಬಂತು. "ತಮ್ಮಾ, ನೆಟ್ಟಗೆ ಹೋಗುವಾಗ ಹಾರ್ನ್ ಹೊಡೀತೈತಿ, ಎಡಕ್ಕೆ ತಿರುವಿದ್ರೆ ಬಂದ್. ಹಾರ್ನ್ ಬದಲಿಸಿದ್ವಿ, ರಿಲೇ ಬದಲಿಸಿದ್ವಿ, ಏನೂ ಆಗ್ಲಿಲ್ಲ" ಅಂದರು ಡ್ರೈವರಣ್ಣ. ಹಾರ್ನ್ ಬೇಕಾಗುವುದೇ ತಿರುವಿನಲ್ಲಿ. ಅಲ್ಲೇ ಅದು ಕೈಕೊಟ್ಟರೆ ಹೇಗೆ?

ಮೊದಲು ಕರೆಂಟಿನ ದಾರಿ ನೋಡೋಣ. ಲಾರಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸರಣಿಯಲ್ಲಿದ್ದು ಒಟ್ಟು 24 ವೋಲ್ಟ್. ಬ್ಯಾಟರಿಯಿಂದ ಫ್ಯೂಸ್, ರಿಲೇ ಕಾಯಿಲ್, ಸ್ಟೀರಿಂಗ್ ಕಾಲಂನ ಸ್ಲಿಪ್ ರಿಂಗ್, ಹಾರ್ನ್ ಬಟನ್. ಬಟನ್ ಒತ್ತಿದಾಗ ಕರೆಂಟು ಸ್ಟೀರಿಂಗ್ ಶಾಫ್ಟ್ ಮೂಲಕ ಚಾಸಿಗೆ ಇಳಿದು ಬ್ಯಾಟರಿಗೆ ವಾಪಸ್ ಹೋಗುತ್ತದೆ. ಅಂದರೆ ಈ ಲಾರಿಯಲ್ಲಿ ಶಾಫ್ಟೇ ಅರ್ತಿಂಗ್ ದಾರಿ.

ನಾವು ಮೊದಲು ಎಡವಿದ್ದು ಇಲ್ಲಿ. ಬಟನ್ ಒತ್ತದೆ, ಅದರ ತಂತಿಗೂ ಕ್ಯಾಬಿನ್ ಬಾಡಿಗೂ ಮಲ್ಟಿಮೀಟರ್ ಹಿಡಿದೆವು. 24 ವೋಲ್ಟ್ ಬಂತು. "ಸಪ್ಲೈ ಸರಿಯಾಗೇ ಇದೆ" ಅಂದುಕೊಂಡೆವು. ಆದರೆ ಲೋಡ್ ಇಲ್ಲದಾಗ ಕರೆಂಟು ಹರಿಯುವುದೇ ಇಲ್ಲ ಎನ್ನುವಷ್ಟು ಕಡಿಮೆ. ಹಾಗಾಗಿ ದಾರಿಯಲ್ಲಿ ಕಿಲುಬು ಇದ್ದರೂ ಮೀಟರಿಗೆ ಕಾಣುವುದಿಲ್ಲ.

ಆಮೇಲೆ ಕ್ರಮವಾಗಿ ಹೀಗೆ ನೋಡಿದೆವು:

1. ಚಕ್ರಕ್ಕೆ ಕಲ್ಲು ಕೊಟ್ಟು, ರಿಲೇಯಿಂದ ಸ್ಟೀರಿಂಗ್‌ಗೆ ಹೋಗುವ ಟರ್ಮಿನಲ್ಲನ್ನು ಫ್ಯೂಸ್ ಇರುವ ತಂತಿಯಿಂದ ಚಾಸಿಗೆ ಮುಟ್ಟಿಸಿದೆವು. ಹಾರ್ನ್ ಹೊಡೆಯಿತು. ಅಲ್ಲಿಗೆ ಫ್ಯೂಸ್, ರಿಲೇ, ಹಾರ್ನ್ ಮೂರೂ ಸರಿ, ತೊಂದರೆ ಕಾಲಂನಲ್ಲೇ.

2. ಮೀಟರಿನ ಒಂದು ಕಡ್ಡಿ ಶಾಫ್ಟಿಗೆ, ಇನ್ನೊಂದು ಚಾಸಿಗೆ ಹಿಡಿದು ಬಟನ್ ಒತ್ತಿದೆವು. ನೆಟ್ಟಗಿದ್ದಾಗ ಹತ್ತಿರ ಹತ್ತಿರ ಸೊನ್ನೆ. ಎಡಕ್ಕೆ ತಿರುಗಿಸಿ ಒತ್ತಿದರೆ 13 ವೋಲ್ಟ್! ಅರ್ತಿಂಗ್ ಸರಿಯಿದ್ದರೆ ಶಾಫ್ಟಿನಲ್ಲಿ ಇಷ್ಟು ವೋಲ್ಟೇಜ್ ನಿಲ್ಲಬಾರದು.

3. ಶಾಫ್ಟಿನ ಕೆಳಗಡೆ ರಬ್ಬರ್ ಜೋಡಣೆ ಇತ್ತು. ರಬ್ಬರಿನಲ್ಲಿ ಕರೆಂಟು ಹರಿಯದು, ಅದಕ್ಕೇ ಅದನ್ನು ದಾಟಲು ಒಂದು ಗಿಡ್ಡ ಅರ್ತಿಂಗ್ ತಂತಿ ಕೊಟ್ಟಿರುತ್ತಾರೆ. ಅದರ ತುದಿಗೆ ಹಸಿರು ಕಿಲುಬು ಹಿಡಿದು, ಎಡಕ್ಕೆ ತಿರುಗಿದಾಗ ಎಳೆದು ಸಡಿಲವಾಗುತ್ತಿತ್ತು.

ಲೆಕ್ಕ ಸುಲಭ. ರಿಲೇ ಕಾಯಿಲ್ 300 ಓಂ ಎಂದಿಟ್ಟುಕೊಳ್ಳಿ. ಕಿಲುಬಿನ ಜಾಗದಲ್ಲೂ 300 ಓಂ ಇದ್ದರೆ 24 ವೋಲ್ಟ್ ಅರ್ಧರ್ಧ ಹಂಚಿಹೋಗಿ ಕಾಯಿಲ್‌ಗೆ ಸಿಗುವುದು 12 ಮಾತ್ರ. 24 ವೋಲ್ಟಿನ ರಿಲೇ ಎಳೆಯಲು ಅದು ಸಾಮಾನ್ಯವಾಗಿ ಸಾಲದು. ರಿಲೇ ಎಷ್ಟು ಸಲ ಬದಲಿಸಿದರೂ ಫಲ ಅಷ್ಟೇ.

ಬ್ಯಾಟರಿ ಕಳಚಿ, ತುದಿ ಉಜ್ಜಿ, ಹೊಸ ತಂತಿ ಹಾಕಿದೆವು. ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ತಂತಿ ಎಳೆಯುವುದಿಲ್ಲ, ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ ಅಂತ ಖಾತ್ರಿ ಮಾಡಿಕೊಂಡೆವು. ಎಡ ತಿರುವಿನಲ್ಲೂ ಹಾರ್ನ್ ಹೊಡೆಯಿತು. "ಇಷ್ಟು ತಂತಿಗಾ ಇಷ್ಟು ರೊಕ್ಕ ಸುರಿದ್ವಿ?" ಅಂತ ಡ್ರೈವರಣ್ಣ ನಕ್ಕರು.

ಒಂದು ಎಚ್ಚರಿಕೆ: ಏರ್‌ಬ್ಯಾಗ್ ಇರುವ ಗಾಡಿಯ ಕಾಲಂಗೆ ಹೀಗೆ ಕೈ ಹಾಕಬೇಡಿ.

ಲ್ಯಾಬಿನಲ್ಲಿ ನೀವೂ ಮಾಡಿ ನೋಡಿ. 24 ವೋಲ್ಟ್ ರಿಲೇಯ ಕಾಯಿಲ್, ಸ್ವಿಚ್, 300 ಓಂನ 1 ವ್ಯಾಟ್ ರೆಸಿಸ್ಟರ್ ಸರಣಿಯಲ್ಲಿ ಜೋಡಿಸಿ, ರೆಸಿಸ್ಟರ್ ಅರ್ತಿಂಗ್ ಕಡೆ ಇರಲಿ. ಸ್ವಿಚ್ ತೆರೆದಾಗೊಮ್ಮೆ, ಒತ್ತಿದಾಗೊಮ್ಮೆ ರೆಸಿಸ್ಟರ್ ಮೇಲಿನ ವೋಲ್ಟೇಜ್ ಅಳೆಯಿರಿ. ನಾವು ಎಲ್ಲಿ ಮೋಸ ಹೋದೆವು ಅಂತ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ.