ದತ್ತ ಸೀಮೆಯಿಂದ ಸ್ವಂತ ನಾಡಿಗೆ

ಚರಿತ್ರೆಯ ಪಾಠದ ವೇಳೆಯಲ್ಲಿ ನಕಾಶೆಯನ್ನು ಗೋಡೆಗೆ ತೂಗುಹಾಕಿ, “ಈ ಬಳ್ಳಾರಿ ಯಾರದು?” ಎಂದು ಕೇಳಿದರೆ, ನಮ್ಮ ಹುಡುಗಿಯರು “ನಮ್ಮದು” ಎಂದು ತಟ್ಟನೆ ಉತ್ತರ ಕೊಡುವರು. ಹೀಗೆ ಹೇಳುವ ಅಧಿಕಾರವು ನಮ್ಮ ಹಿರಿಯರಿಗೆ ಬಹುಕಾಲ ಇರಲಿಲ್ಲ. ಅದು ಹೇಗೆ ದೊರೆಯಿತೆಂಬುದನ್ನು ಈ ಸಂಚಿಕೆಯ ಮೂಲಕ ಹಳೆಯ ವಿದ್ಯಾರ್ಥಿನಿಯರಿಗೂ ತಂದೆತಾಯಿಗಳಿಗೂ ನೆನಪು ಮಾಡಿಕೊಡಬಯಸುತ್ತೇವೆ.

ನಮ್ಮ ಪೇಟೆಯ ಹೆಸರು ಕೌಲ್ ಬಜಾರ್. ಕೌಲು ಎಂದರೆ ಆಳುವವರು ಒಕ್ಕಲಿಗೆ ಬರೆದುಕೊಡುತ್ತಿದ್ದ ಭರವಸೆಯ ಪತ್ರ. ಭೂಮಿ ಇಷ್ಟು, ಕಂದಾಯ ಇಷ್ಟು ಎಂದು ಅದರಲ್ಲಿ ನಿಶ್ಚಯವಾಗುತ್ತಿತ್ತು. ಕೊಡುವವರು, ಪಡೆಯುವವರು ಎಂದು ಕೌಲಿಗೆ ಎರಡು ಕಡೆಯವರುಂಟು. ಈ ಮಾತನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

1792 ಮತ್ತು 1799ರ ಯುದ್ಧಗಳ ತರುವಾಯ ಟಿಪ್ಪು ಸುಲ್ತಾನನ ರಾಜ್ಯದಿಂದ ತನ್ನ ಪಾಲಿಗೆ ಬಂದ ಸೀಮೆಗಳನ್ನು ಹೈದರಾಬಾದಿನ ನಿಜಾಮನು 1800ರ ಒಪ್ಪಂದದ ಮೇರೆಗೆ ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟನು. ತನ್ನ ರಕ್ಷಣೆಗೆಂದು ಇರಿಸಿಕೊಂಡ ಕಂಪೆನಿಯ ಸೈನ್ಯದ ವೆಚ್ಚಕ್ಕೆ ಆತನು ತೆತ್ತ ಬೆಲೆ ಅದು. ಬಳ್ಳಾರಿಯೂ ಅದರಲ್ಲಿ ಸೇರಿತ್ತು. ಆದುದರಿಂದಲೇ ಈ ಪ್ರಾಂತಕ್ಕೆ ದತ್ತ ಮಂಡಲವೆಂದು ಹೆಸರಾಯಿತು, ದತ್ತವೆಂದರೆ ಕೊಡಲ್ಪಟ್ಟದ್ದು. ಕೊಡಲ್ಪಟ್ಟ ಜನರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಮೊದಲ ಮುಖ್ಯ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ರೈತರ ಹೆಸರಿನಲ್ಲೇ ಕಂದಾಯವನ್ನು ಗೊತ್ತುಮಾಡುವ ರೈತವಾರಿ ಪದ್ಧತಿಯನ್ನು ಬೆಳೆಸಿದನು. ರೈತನ ಹೆಸರು ಲೆಕ್ಕದ ಪುಸ್ತಕಕ್ಕೆ ಬಂದಿತಾದರೂ ಆಳ್ವಿಕೆಯಲ್ಲಿ ಅವನ ಮಾತಿಗೆ ಸ್ಥಾನ ಬರಲಿಲ್ಲ.

ಭೂಮಿಯನ್ನು ಹೀಗೆ ಪತ್ರದಿಂದ ಒಪ್ಪಿಸಿಕೊಡುವುದು ಬೇರೆಡೆಯೂ ನಡೆಯಿತು. ಪೆಸಿಫಿಕ್ ಸಾಗರದ ಫಿಜಿ ದ್ವೀಪಗಳನ್ನು ಅಲ್ಲಿನ ನಾಯಕರು 1874ರ ಅಕ್ಟೋಬರ್ 10ರಂದು ಬ್ರಿಟಿಷರಿಗೆ ಒಪ್ಪಿಸಿದರು. ತೊಂಬತ್ತಾರು ವರುಷಗಳ ಬಳಿಕ, 1970ರ ಅದೇ ತಾರೀಖಿನಂದು, ಆ ದ್ವೀಪಗಳು ಸ್ವತಂತ್ರವಾದವು. ಅಲ್ಲಿ ಬಾವುಟ ಬದಲಾದ ದಿನವೇ ಹೊಸ ರಾಷ್ಟ್ರ ಹುಟ್ಟಿತು. ನಮ್ಮ ಬಳ್ಳಾರಿಯದಾದರೋ ಎರಡು ಮೆಟ್ಟಿಲಿನ ದಾರಿ.

ಮೊದಲನೆಯ ಮೆಟ್ಟಿಲು 1947ರ ಆಗಸ್ಟ್ 15. ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಅನೇಕರನ್ನು ನಮ್ಮ ಊರಿನ ಹತ್ತಿರದ ಅಲ್ಲೀಪುರದ ಸೆರೆಮನೆಯಲ್ಲಿ ಇಟ್ಟಿದ್ದರು. ಅಂಥವರ ತ್ಯಾಗದಿಂದ ಪರರ ಆಳ್ವಿಕೆ ತೊಲಗಿತು. ಆಗ್ಯೂ ಬಳ್ಳಾರಿ ಮದರಾಸು ಪ್ರಾಂತದಲ್ಲಿಯೇ ಉಳಿಯಿತು. ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿತ್ತು.

ಎರಡನೆಯ ಮೆಟ್ಟಿಲು 1953. ಆಂಧ್ರ ರಾಜ್ಯವನ್ನು ರಚಿಸುವಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರುವುವೆಂದೂ, ಜಿಲ್ಲೆಯ ಉಳಿದ ತಾಲ್ಲೂಕುಗಳು ಮೈಸೂರಿಗೆ ಸೇರುವುವೆಂದೂ ತೀರ್ಮಾನವಾಯಿತು. ಆದರೆ ಬಳ್ಳಾರಿ ತಾಲ್ಲೂಕು ಯಾರದು? ಇಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ನುಡಿಗಳು ಒಂದೇ ಬೀದಿಯಲ್ಲಿ ಕೇಳಿಬರುತ್ತಿದ್ದವು. ಇದನ್ನು ವಿಚಾರಿಸಲು ನ್ಯಾಯಮೂರ್ತಿ ಎಲ್. ಎಸ್. ಮಿಶ್ರ ಅವರನ್ನು ನೇಮಿಸಲಾಯಿತು. ಅವರ ವಿಚಾರಣೆಯ ತರುವಾಯ ತಾಲ್ಲೂಕು ಮೈಸೂರಿನ ಪಾಲಾಯಿತು. 1953ರ ಅಕ್ಟೋಬರ್ 1ರಂದು ಈ ಏರ್ಪಾಡು ಜಾರಿಗೆ ಬಂದಿತು. ಕನ್ನಡದ ಕಾರ್ಯಕ್ಕಾಗಿ ದುಡಿದ ಪಿಂಜಾರ ರಂಜಾನ್ ಸಾಬ್ ಅವರು ಆ ಸಂಭ್ರಮದ ವೇಳೆಯಲ್ಲೇ ದುಷ್ಕರ್ಮಿಗಳ ದಾಳಿಗೆ ಗುರಿಯಾಗಿ ಪ್ರಾಣ ತೆತ್ತರು.

ಪ್ರಶ್ನೆ ಅಲ್ಲಿಗೂ ಮುಗಿಯಲಿಲ್ಲ. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ತುಂಗಭದ್ರಾ ಯೋಜನೆಯನ್ನು ಗಮನದಲ್ಲಿಟ್ಟು, ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತು. ಆ ಸಲಹೆ ಅಂಗೀಕಾರವಾಗಲಿಲ್ಲ. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯಿಸಿದಾಗ ಬಳ್ಳಾರಿ ಅದರೊಳಗಿತ್ತು. 1973ರಲ್ಲಿ ಆ ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾಯಿತು.

ಇದರಿಂದ ನಮ್ಮ ಮಕ್ಕಳು ಕಲಿಯತಕ್ಕದ್ದೇನು? ಗೆದ್ದೆವೆಂದು ಹಿಗ್ಗುವುದನ್ನಲ್ಲ. ಗಡಿಯ ಗೆರೆ ಎಲ್ಲಿ ಎಳೆದರೂ ಅದು ಯಾರದೋ ಮನೆಯಂಗಳವನ್ನು ಹಾಯುತ್ತದೆ. ಆದೋನಿ, ರಾಯದುರ್ಗಗಳ ಕನ್ನಡದ ಮನೆಗಳು ಗೆರೆಯ ಆಚೆಗುಳಿದವು. ತೆಲುಗಿನ ಮನೆಗಳು ಈಚೆಗುಳಿದವು. ನಮ್ಮ ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತ ಇಬ್ಬರು ಗೆಳತಿಯರಲ್ಲಿ ಒಬ್ಬಳು ಮನೆಯಲ್ಲಿ “ಅವ್ವ” ಎಂದೂ ಮತ್ತೊಬ್ಬಳು “ಅಮ್ಮಾ, ರಾ” ಎಂದೂ ಕರೆಯುವಳು. ಇಬ್ಬರೂ “ನಮ್ಮದು” ಎಂದೇ ಹೇಳಿದರು. ಇಬ್ಬರ ಮಾತೂ ಸತ್ಯವೇ.

1800ರ ಪತ್ರದಲ್ಲಿ ಜನರಿಗೆ ಪಾತ್ರವಿರಲಿಲ್ಲ. 1953ರಲ್ಲಿ ಅವರ ನುಡಿಯೂ ಬಾಳುವೆಯೂ ವಿಚಾರಣೆಗೆ ಬಂದವು. ಸ್ವಾತಂತ್ರ್ಯವೆಂಬ ಕೌಲಿಗೂ ಎರಡು ಕಡೆಯವರುಂಟು: ನಾಡು ನಮ್ಮ ಮಾತನ್ನು ಕೇಳಬೇಕು, ನಾವು ನೆರೆಯವರ ಮಾತನ್ನು ಕೇಳಬೇಕು. ತಂದೆತಾಯಿಗಳು ಈ ಕಥೆಯನ್ನು ಮನೆಯಲ್ಲಿ ಹೇಳುವಾಗ ಈ ಎರಡನೆಯ ಮಾತನ್ನು ಬಿಡದೆ ಹೇಳಬೇಕೆಂದು ವಿನಂತಿಸುತ್ತೇವೆ.