ಡಿಸ್ಕ್ ಪರೀಕ್ಷೆ: ‘ಇದೇ ನನ್ನ ಬ್ಯಾನಿ’ ಎಂದು ಹೇಳಬೇಕಾದವರು ನಾವೇ



ಕಪನೂರ ಕಡೆಯ ನಮ್ಮ ಸಂಘಗಳಲ್ಲಿ ಟೊಂಕ ನೋವಿನ ಮಾತು ಬಾರದ ಸಭೆ ಇಲ್ಲವೆಂದರೂ ನಡೆಯುತ್ತದೆ. ದಾಲ್ ಮಿಲ್ಲಿನಲ್ಲಿ ದಿನವಿಡೀ ಬಗ್ಗಿ ತೊಗರಿ ಹಸನ ಮಾಡುವವರು, ಬುಟ್ಟಿ ಹೊರುವವರು, ಕಟ್ಟಡದ ಕೆಲಸಕ್ಕೆ ಹೋಗುವವರು, ಮನೆಗೆ ಬಂದು ಮತ್ತೆ ನೀರಿನ ಕೊಡ ಎತ್ತುವವರು ಎಲ್ಲರೂ ನಾವೇ. ಮೊನ್ನೆ ಒಂದು ಸಭೆಯಲ್ಲಿ ಒಬ್ಬ ಅಕ್ಕ ಡಾಕ್ಟರರ ಚೀಟಿ ತಂದು ತೋರಿಸಿದರು. ಅದರಲ್ಲಿ ‘ಡಿಸ್ಕೋಗ್ರಾಮ್’ ಎಂದು ಬರೆದಿತ್ತು. “ಇದು ಆಪರೇಷನ್ ಏನ್ರಿ? ಸಂಘದಾಗ ಸಾಲ ಬರಸಬೇಕೇನು?” ಎಂದು ಕೇಳಿದರು. ಯಾರಿಗೂ ಉತ್ತರ ಗೊತ್ತಿರಲಿಲ್ಲ. ಆದ್ದರಿಂದ ಈ ಸಲದ ಪಾಠ ಇದೇ.

ಡಿಸ್ಕ್ ಅಂದರೇನು?

ನಮ್ಮ ಬೆನ್ನುಮೂಳೆ ಒಂದೇ ಕೋಲಲ್ಲ, ಒಂದರ ಮೇಲೊಂದು ಇಟ್ಟ ಮಣಿಗಳು. ಮಣಿ ಮಣಿಗೆ ತಿಕ್ಕಾಟ ಆಗಬಾರದೆಂದು ನಡುವೆ ಒಂದೊಂದು ಮೆತ್ತೆ ಇರುತ್ತದೆ. ಅದೇ ಡಿಸ್ಕ್. ಇಂಥವು 23 ಇವೆ. ಹೋಳಿಗೆಗೆ ಹೊರಗೆ ಕಣಕ, ಒಳಗೆ ಹೂರಣ ಇದ್ದ ಹಾಗೆ, ಡಿಸ್ಕಿಗೆ ಹೊರಗೆ ಗಟ್ಟಿ ಪದರ, ಒಳಗೆ ಮೆತ್ತನೆಯ ತಿರುಳು. ವಯಸ್ಸಾದಂತೆ ತಿರುಳು ಒಣಗುತ್ತದೆ, ಪದರ ಬಿರುಕು ಬಿಡುತ್ತದೆ, ಕೆಲವೊಮ್ಮೆ ಉಬ್ಬಿ ನರಕ್ಕೆ ಒತ್ತುತ್ತದೆ. ಹೆಚ್ಚು ಭಾರ ಬೀಳುವುದು ಟೊಂಕದ ಕೆಳಗಿನ ಎರಡು ಡಿಸ್ಕುಗಳ ಮೇಲೆ. ಬಹಳ ಜನರಿಗೆ ಕೆಡುವುದೂ ಅವೇ.

ಫೋಟೋದಲ್ಲಿ ಕಂಡದ್ದೆಲ್ಲ ರೋಗವಲ್ಲ

ಡಾಕ್ಟರರು ಮೊದಲು ಕೈಯಿಂದ ಮುಟ್ಟಿ, ಕಾಲು ಎತ್ತಿಸಿ ನೋಡುತ್ತಾರೆ. ಬೇಕಾದರೆ ಎಕ್ಸ್-ರೇ, ಆಮೇಲೆ ಎಂ.ಆರ್.ಐ. ಎಂ.ಆರ್.ಐ. ಅಂದರೆ ಚುಂಬಕದ ಯಂತ್ರ. ಒಳಗೆ ಹೋಗಿ ಅಲುಗಾಡದೆ ಮಲಗಬೇಕು, ಸದ್ದು ಜೋರು, ಆದರೆ ನೋವಿಲ್ಲ. ತಾಳಿ, ಕಾಲುಂಗುರ, ಪಿನ್ನು, ಕ್ಲಿಪ್ಪು ಎಲ್ಲ ತೆಗೆದಿಡಬೇಕು. ತಾಳಿ ತೆಗೆಯಲು ಮನಸ್ಸು ಒಪ್ಪದೆ ಅಳುಕುವವರಿದ್ದಾರೆ. ಅರ್ಧ ತಾಸು ಜೊತೆಗೆ ಬಂದವರ ಕೈಯಲ್ಲಿ ಕೊಟ್ಟರಾಯಿತು.

ಇಲ್ಲೊಂದು ಮಾತು ತಿಳಿದಿರಬೇಕು. ಯಾವ ನೋವೂ ಇಲ್ಲದ ಜನರ ಬೆನ್ನಿನ ಫೋಟೋಗಳನ್ನು ಹಲವು ದೇಶಗಳಲ್ಲಿ ತೆಗೆದಿದ್ದಾರೆ. 2015ರಲ್ಲಿ ಅವನ್ನೆಲ್ಲ ಸೇರಿಸಿ ನೋಡಿದಾಗ, 20 ವರ್ಷದವರಲ್ಲೇ ನೂರಕ್ಕೆ 30 ಜನರಿಗೆ, 80 ವರ್ಷದವರಲ್ಲಿ ನೂರಕ್ಕೆ 84 ಜನರಿಗೆ ಡಿಸ್ಕ್ ಉಬ್ಬಿತ್ತು. ನೋವು ಮಾತ್ರ ಇರಲಿಲ್ಲ. ಅಂದರೆ ರಿಪೋರ್ಟಿನಲ್ಲಿ ‘ಡಿಸ್ಕ್ ಉಬ್ಬಿದೆ’ ಎಂದು ಬಂದ ಕೂಡಲೇ “ನನ್ನ ಟೊಂಕ ಹೋಯ್ತು” ಎಂದು ಎದೆ ಒಡೆದುಕೊಳ್ಳಬೇಕಿಲ್ಲ. ಬಹಳ ಜನರ ಟೊಂಕ ನೋವು ಕೆಲವು ವಾರಗಳಲ್ಲಿ ಗುಳಿಗೆ, ವ್ಯಾಯಾಮ, ನಡಿಗೆಯಿಂದಲೇ ಇಳಿಯುತ್ತದೆ.

ಹಾಗಾದರೆ ಡಿಸ್ಕೋಗ್ರಾಮ್ ಯಾಕೆ?

ತಿಂಗಳುಗಟ್ಟಲೆ ಔಷಧ ಮಾಡಿಯೂ ನೋವು ಇಳಿದಿಲ್ಲ, ಫೋಟೋದಲ್ಲಿ ಎರಡು ಮೂರು ಡಿಸ್ಕ್ ಸವೆದಂತೆ ಕಾಣುತ್ತವೆ, ಆಪರೇಷನ್ ವಿಚಾರ ನಡೆದಿದೆ. ಆಗ ‘ಇವುಗಳಲ್ಲಿ ನೋಯುವ ಡಿಸ್ಕ್ ಯಾವುದು’ ಎಂಬ ಪ್ರಶ್ನೆ ಏಳುತ್ತದೆ. ಅದನ್ನು ಹುಡುಕುವ ಪರೀಕ್ಷೆ ಇದು. 1948ರಲ್ಲಿ ಸ್ವೀಡನ್ ದೇಶದ ಲಿಂಡ್‌ಬ್ಲೊಮ್ ಎಂಬ ಡಾಕ್ಟರರು ಇದರ ಬಗ್ಗೆ ಬರೆದರು. ಇದು ಆಪರೇಷನ್ ಅಲ್ಲ, ಚಿಕಿತ್ಸೆಯೂ ಅಲ್ಲ. ಇದರಿಂದ ನೋವು ಹೋಗುವುದಿಲ್ಲ. ಆಪರೇಷನ್ ಮಾಡಿಸುವ ವಿಚಾರವೇ ಇಲ್ಲದವರಿಗೆ ಇದರ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ಆ ದಿನ ಏನಾಗುತ್ತದೆ?

ಕೆಲವು ತಾಸು ಉಪವಾಸ ಇರಲು ಹೇಳುತ್ತಾರೆ. ರಕ್ತ ತೆಳು ಮಾಡುವ ಗುಳಿಗೆ ನುಂಗುತ್ತಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಯಾವುದಾದರೂ ಇಂಜೆಕ್ಷನ್ನಿಗೆ ಮೈಮೇಲೆ ದದ್ದು ಎದ್ದಿದ್ದರೆ, ಜ್ವರ ಇದ್ದರೆ ಮೊದಲೇ ಹೇಳಬೇಕು. ಮುಟ್ಟು ತಪ್ಪಿದ್ದರೆ ನಾಚದೆ ಹೇಳಬೇಕು, ಯಾಕಂದರೆ ಎಕ್ಸ್-ರೇ ಬಳಸುತ್ತಾರೆ, ಬಸುರಿಯರಿಗೆ ಇದು ಬೇಡ.

ಸೋಂಕು ಆಗದಂತೆ ಔಷಧ ಕೊಟ್ಟು, ಬೋರಲು ಅಥವಾ ಒಂದು ಮಗ್ಗಲಿಗೆ ಮಲಗಿಸುತ್ತಾರೆ. ಬೆನ್ನು ತೊಳೆದು, ಚರ್ಮಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಪೂರ್ತಿ ಮಲಗಿಸುವ ಅರಿವಳಿಕೆ ಕೊಡುವುದಿಲ್ಲ. ಎಕ್ಸ್-ರೇ ಪರದೆ ನೋಡುತ್ತ ಸಣ್ಣ ಸೂಜಿಯನ್ನು ಡಿಸ್ಕಿನ ನಡುವಿಗೆ ತಲುಪಿಸಿ, ಎಕ್ಸ್-ರೇಯಲ್ಲಿ ಕಾಣುವ ಔಷಧವನ್ನು ಸ್ವಲ್ಪ ಸ್ವಲ್ಪ ಒಳಗೆ ಬಿಡುತ್ತಾರೆ. ಚೆನ್ನಾಗಿರುವ ಡಿಸ್ಕ್ ಆದರೆ ಒತ್ತಿದಂತೆ ಅನಿಸುತ್ತದೆ, ಅಷ್ಟೆ. ಕೆಟ್ಟ ಡಿಸ್ಕ್ ಆದರೆ ನೋವು ಏಳುತ್ತದೆ. ಹೌದು, ಈ ಪರೀಕ್ಷೆಯಲ್ಲಿ ನೋವನ್ನು ಬೇಕೆಂದೇ ಎಬ್ಬಿಸುತ್ತಾರೆ. “ಏನೂ ಆಗಲ್ಲ” ಎಂದು ಸುಳ್ಳು ಹೇಳಿ ಯಾರನ್ನೂ ಕಳಿಸಬಾರದು.

ಆಗ ಡಾಕ್ಟರರು ಕೇಳುವ ಪ್ರಶ್ನೆ: “ಇದು ನಿಮಗೆ ದಿನಾ ಬರುವ ನೋವೇ, ಬೇರೆ ನೋವೇ? ಹತ್ತರಲ್ಲಿ ಎಷ್ಟು?” ಹೋಲಿಸಲು ಪಕ್ಕದ ಒಂದು ಒಳ್ಳೆಯ ಡಿಸ್ಕಿಗೂ ಸೂಜಿ ಹಾಕುತ್ತಾರೆ. ಯಾವುದು ಯಾವಾಗ ಎಂದು ನಮಗೆ ಹೇಳುವುದಿಲ್ಲ.

ಪಾಠದ ಮುಖ್ಯ ಮಾತು ಇಲ್ಲಿದೆ. ಬೆನ್ನಿನ ಉಳಿದ ಫೋಟೋಗಳನ್ನು ನಾವು ಬಾಯಿ ತೆರೆಯದೆ ತೆಗೆಸಿಕೊಳ್ಳಬಹುದು. ಇದರಲ್ಲಿ ಹಾಗಿಲ್ಲ. ನಮ್ಮ ಉತ್ತರವೇ ಅರ್ಧ ರಿಪೋರ್ಟು. ನಮ್ಮ ಹೆಣ್ಣುಮಕ್ಕಳು ಮಾತ್ರ ದೊಡ್ಡ ಡಾಕ್ಟರರ ಮುಂದೆ ಕೇಳಿದ್ದಕ್ಕೆಲ್ಲ “ಹೂಂ ರೀ” ಅನ್ನುತ್ತೇವೆ. ಇಲ್ಲವೇ ಹಲ್ಲು ಕಚ್ಚಿ ಸುಮ್ಮನಿರುತ್ತೇವೆ. ಸಹಿಸುವವಳೇ ಒಳ್ಳೆಯವಳು ಎಂದು ಸಣ್ಣಂದಿನಿಂದ ಕಲಿತಿದ್ದೇವಲ್ಲ! ಇಲ್ಲಿ ಸುಳ್ಳು “ಹೂಂ” ಅಂದರೆ ಒಳ್ಳೆಯ ಡಿಸ್ಕಿಗೆ ಆಪರೇಷನ್ ಆಗಬಹುದು. ಸುಮ್ಮನಿದ್ದರೆ ಕೆಟ್ಟದ್ದು ಉಳಿಯಬಹುದು. “ಹೌದು, ಇದೇ”, “ಇಲ್ಲ, ಇದು ಬೇರೆ”, “ಇದರಂಗೇ ಅದ, ಆದರ ಜಾಗ ಬೇರೆ” — ಮೂರೂ ಸರಿಯಾದ ಉತ್ತರಗಳೇ. ಚುಚ್ಚತದ, ಉರೀತದ, ಸೆಳೀತದ, ಜೋಮು ಹಿಡೀತದ ಎಂದು ನಮ್ಮ ಮಾತಿನಲ್ಲೇ ಹೇಳಿ. ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋದಾಗ ಅಲ್ಲಿ ಭಾಷೆ ಬೇರೆ ಇರುತ್ತದೆ. ಕನ್ನಡ ಬಲ್ಲ ಒಬ್ಬ ಸಿಸ್ಟರನ್ನು ಹತ್ತಿರ ನಿಲ್ಲಿಸಿರಿ ಎಂದು ಸೂಜಿ ಹಾಕುವ ಮೊದಲೇ ಕೇಳಿಕೊಳ್ಳಬೇಕು.

ಮುಗಿದ ಮೇಲೆ ಸಿ.ಟಿ. ಸ್ಕ್ಯಾನ್ ಮಾಡಬಹುದು. ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ, ಜೊತೆಗೆ ಒಬ್ಬರು ಇರಲೇಬೇಕು. ಕೆಲವು ದಿನ ನೋವು ಮೊದಲಿಗಿಂತ ಹೆಚ್ಚಿರಬಹುದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಬರೆದುಕೊಟ್ಟ ಗುಳಿಗೆ ಸಾಕು. ಕೊಡ, ಚೀಲ ಎತ್ತಬಾರದು. ಆ ವಾರ ಸಂಘದವರು ಸರದಿಯಂತೆ ನೀರು ತಂದುಕೊಟ್ಟರೆ ಎಷ್ಟು ಒಳ್ಳೆಯದು.

ಅಪಾಯ ಇದೆಯೇ?

ವಿರಳ, ಆದರೆ ಇದೆ. ಡಿಸ್ಕಿಗೆ ಸೋಂಕು ತಗಲಬಹುದು, ನರಕ್ಕೆ ಪೆಟ್ಟಾಗಬಹುದು. ದಿನಗಳೋ ವಾರಗಳೋ ಕಳೆದ ಮೇಲೆ ಜ್ವರ, ಚಳಿ, ಏರುತ್ತಲೇ ಹೋಗುವ ಟೊಂಕ ನೋವು ಬಂದರೆ ಅದೇ ದವಾಖಾನೆಗೆ ಕೂಡಲೇ ಹೋಗಬೇಕು. ಸೂಜಿ ಹಾಕಿಸಿಕೊಂಡ ಡಿಸ್ಕುಗಳು ಹತ್ತು ವರ್ಷದಲ್ಲಿ ಉಳಿದವರ ಡಿಸ್ಕಿಗಿಂತ ಬೇಗ ಸವೆದವು ಎಂದು ಅಮೆರಿಕದ ಒಂದು ಅಧ್ಯಯನ 2009ರಲ್ಲಿ ತೋರಿಸಿತು. ಅಂದಿನಿಂದ ಡಾಕ್ಟರರೂ ಇದನ್ನು ಯೋಚಿಸಿಯೇ ಬರೆಯುತ್ತಾರೆ. ನಾವೂ ಕೇಳಬಹುದು: “ಈ ಪರೀಕ್ಷೆಯಿಂದ ನನ್ನ ಚಿಕಿತ್ಸೆ ಏನು ಬದಲಾಗ್ತದ್ರಿ? ಮಾಡಿಸದಿದ್ದರೆ ಏನು?” ಇದು ಉದ್ಧಟತನವಲ್ಲ.

ಕಾಲಿನ ಬಲ ಕುಂದಿದರೆ, ಉಚ್ಚೆ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ತೊಡೆಗಳ ನಡುವೆ ಸ್ಪರ್ಶ ಗೊತ್ತಾಗದಿದ್ದರೆ ಯಾವ ಪರೀಕ್ಷೆಯ ದಾರಿಯನ್ನೂ ಕಾಯದೆ ಅದೇ ದಿನ ದೊಡ್ಡ ದವಾಖಾನೆಗೆ ಹೋಗಬೇಕು.

ದುಡ್ಡಿನ ಮಾತು

ಸಾಲ ಬರೆಸುವ ಮೊದಲು ಎರಡು ಕಡೆ ವಿಚಾರಿಸಿ. ಪಗಾರದಲ್ಲಿ ಇ.ಎಸ್.ಐ. ಹಿಡಿಯುತ್ತಿದ್ದರೆ, ನಿಮ್ಮದಾಗಲಿ ಯಜಮಾನರದ್ದಾಗಲಿ, ಕಲಬುರಗಿಯಲ್ಲೇ ಇ.ಎಸ್.ಐ. ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಬಿ.ಪಿ.ಎಲ್. ಕಾರ್ಡಿನವರಿಗೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ. ಮೊದಲು ಜಿಮ್ಸ್‌ನಂಥ ಸರ್ಕಾರಿ ದವಾಖಾನೆಯಲ್ಲಿ ತೋರಿಸಿ. ಹೊರಗೆ ಕಳಿಸುವುದಾದರೆ ರೆಫರಲ್ ಚೀಟಿ ಪಡೆಯಿರಿ. ಬರೀ ಪರೀಕ್ಷೆಯ ಖರ್ಚು ಯೋಜನೆಯಲ್ಲಿ ಬರುತ್ತದೋ ಇಲ್ಲವೋ ಎಂದು ಅಲ್ಲಿನ ಆರೋಗ್ಯಮಿತ್ರರನ್ನು ಕೇಳಿ ತಿಳಿದುಕೊಂಡು, ಆಮೇಲೆ ಸಂಘದ ಪುಸ್ತಕ ತೆರೆಯಿರಿ.

ಮುಂದಿನ ಸಭೆಯಲ್ಲಿ ಮಾಡೋಣ

ಇಬ್ಬಿಬ್ಬರು ಜೋಡಿಯಾಗಿ ಕೂಡಿರಿ. ಒಬ್ಬರು ಡಾಕ್ಟರು, ಒಬ್ಬರು ರೋಗಿ. ನೋವು ಎಲ್ಲಿ, ಎಂಥದು, ಯಾವ ಕೆಲಸ ಮಾಡಿದಾಗ ಏರುತ್ತದೆ, ಹತ್ತರಲ್ಲಿ ಎಷ್ಟು ಎಂದು ಕೇಳಿ, ಹೇಳಿ. “ಹೂಂ ರೀ” ಅಂದವರು ಮತ್ತೊಮ್ಮೆ ಮೊದಲಿನಿಂದ ಹೇಳಬೇಕು.