ಪಕ್ಕದ ಊರಿನ ಕೊಕ್ಕರೆ ರೋಗ ನಮ್ಮ ಹಿತ್ತಲಿಗೆ ಬಾರದಿರಲು

ಪ್ರಶ್ನೆ: ನಮ್ಮ ಹಿತ್ತಲಲ್ಲಿ ಮರಿಗಳೂ ಸೇರಿ ಸುಮಾರು 20 ನಾಟಿ ಕೋಳಿಗಳಿವೆ. ಪಕ್ಕದ ಊರಲ್ಲಿ ಹೋದ ವಾರದಿಂದ ಕೋಳಿಗಳು ತೂಕಡಿಸಿ, ಕತ್ತು ತಿರುಚಿಕೊಂಡು ಸಾಯುತ್ತಿವೆಯಂತೆ. ಇದು ಕೊಕ್ಕರೆ ರೋಗವೋ, ಹಕ್ಕಿಜ್ವರವೋ? ಇರುವಷ್ಟನ್ನು ಸಂತೆಗೆ ಹಾಕಿಬಿಡಿ ಎಂದು ಕೆಲವರು, ಬೆಳ್ಳುಳ್ಳಿ ಅರಿಶಿನ ತಿನ್ನಿಸಿ ಎಂದು ಕೆಲವರು ಹೇಳುತ್ತಾರೆ. ಲಸಿಕೆ ಕೇಳಿದರೆ ನೂರು ಕೋಳಿಗಾಗುವ ಬಾಟಲಿಯೇ ಬರುವುದು ಎಂದರು. ನಾನೇನು ಮಾಡಲಿ?
– ಓದುಗರು, ಅರಸೀಕೆರೆ ತಾಲ್ಲೂಕು

ಉತ್ತರ: ಮೊದಲು ಸಂತೆಯ ಮಾತು. ಈಗ ಒಂದು ಕೋಳಿಯನ್ನೂ ಮಾರಬೇಡಿ, ಹೊಸದಾಗಿ ಒಂದನ್ನೂ ತರಬೇಡಿ. ಸೋಂಕು ತಗುಲಿದ ಕೋಳಿ ಕಾಯಿಲೆ ಬೀಳಲು ಸಾಮಾನ್ಯವಾಗಿ ಐದಾರು ದಿನ ಬೇಕು, ಕೆಲವೊಮ್ಮೆ ಎರಡು ವಾರವೂ ಹಿಡಿಯುತ್ತದೆ. ಅದು ಮಂಕಾಗುವ ಮೊದಲೇ ಹಿಕ್ಕೆಯಲ್ಲಿ, ಮೂಗಿನ ಸಿಂಬಳದಲ್ಲಿ ವೈರಸ್ ಹೊರಬೀಳತೊಡಗಿರುತ್ತದೆ. ಹೆದರಿದವರೆಲ್ಲ ‘ಇನ್ನೂ ಚೆನ್ನಾಗಿದೆ’ ಎಂದು ಕೋಳಿಯನ್ನು ಸಂತೆಗೆ ಒಯ್ಯುತ್ತಾರೆ. ಅಲ್ಲಿಂದ ಅದು ಹತ್ತು ಊರಿಗೆ ಹೋಗುತ್ತದೆ. ಯುಗಾದಿಯ ಹೊಸತೊಡಕು, ಮಾರಮ್ಮನ ಜಾತ್ರೆಗಳ ಕಾಲದಲ್ಲಿ ಕೋಳಿಗಳ ಓಡಾಟ ಹೆಚ್ಚುವುದರಿಂದ ಈ ರೋಗಕ್ಕೆ ದಾರಿ ಇನ್ನಷ್ಟು ಸುಲಭ. ಕರಾವಳಿಯಲ್ಲಾದರೆ ಕೋಳಿ ಅಂಕಕ್ಕೆ ಹೋಗಿ ಬಂದ ಹುಂಜವೂ ಇದೇ ಕೆಲಸ ಮಾಡೀತು.

ನೀವು ಹೇಳಿದ ಲಕ್ಷಣಗಳು ಕೊಕ್ಕರೆ ರೋಗವನ್ನೇ, ಅಂದರೆ ರಾಣಿಖೇತ್ ರೋಗವನ್ನೇ ಹೋಲುತ್ತವೆ. ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತದೆ, ಹಸಿರು ಭೇದಿಯಾಗುತ್ತದೆ, ರೆಕ್ಕೆ ಜೋಲುತ್ತದೆ, ಕಾಲು ಸೋಲುತ್ತದೆ, ಬದುಕುಳಿದದ್ದು ಕತ್ತು ತಿರುಚಿಕೊಂಡು ಸುತ್ತುತ್ತದೆ. ಲಸಿಕೆಯಿಲ್ಲದ ಹಿಂಡಿನಲ್ಲಿ ಹತ್ತಕ್ಕೆ ಒಂಬತ್ತು ಸತ್ತರೂ ಆಶ್ಚರ್ಯವಿಲ್ಲ. 1926ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ಮತ್ತು ಇಂಡೋನೇಷ್ಯಾದ ಜಾವಾದಲ್ಲಿ ಗುರುತಿಸಲಾದ ಈ ರೋಗ ಬಹುಬೇಗ ಕುಮಾಂವ್ ಬೆಟ್ಟಗಳ ರಾಣಿಖೇತ್‌ನಲ್ಲೂ ಕಾಣಿಸಿಕೊಂಡಿತು. ಅದೇ ಕುಮಾಂವ್‌ನ ಮುಕ್ತೇಶ್ವರದಲ್ಲಿರುವ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ 1940ರ ದಶಕದಲ್ಲಿ ರೂಪುಗೊಂಡ ಲಸಿಕೆಯನ್ನೇ ನಾವು ಇಂದಿಗೂ ಆರ್2ಬಿ ಎಂಬ ಹೆಸರಿನಲ್ಲಿ ಬಳಸುತ್ತಿದ್ದೇವೆ. ಇಷ್ಟು ಹಳೆಯ, ಇಷ್ಟು ಅಗ್ಗದ ರಕ್ಷಣೆ ಇದ್ದೂ ಹಿತ್ತಲ ಕೋಳಿಗಳು ವರ್ಷವರ್ಷವೂ ಸಾಯುತ್ತಿರುವುದು ನನಗೆ ತುಂಬಾ ನೋವಿನ ಸಂಗತಿ. ಮಗುವಿನ ಪುಸ್ತಕಕ್ಕೆ, ಮನೆಗೆ ಬಂದ ನೆಂಟರ ಊಟಕ್ಕೆ ಒದಗುವುದು ಈ ಕೋಳಿಗಳೇ. ಹೆಚ್ಚಿನ ಮನೆಗಳಲ್ಲಿ ಆ ದುಡ್ಡು ಹೆಂಗಸರ ಕೈಯದು.

ಆದರೂ ದೂರದಿಂದ ನೋಡಿ ಇದು ಹಕ್ಕಿಜ್ವರವಲ್ಲ ಎಂದು ಯಾರೂ ಖಚಿತವಾಗಿ ಹೇಳಲಾರರು. ಎರಡರಲ್ಲೂ ಕತ್ತು ತಿರುಚಬಹುದು, ಎರಡರಲ್ಲೂ ಹಿಂಡು ಹಿಂಡಾಗಿ ಸಾಯಬಹುದು. ಜುಟ್ಟು ನೀಲಿಗಟ್ಟಿದರೆ, ಮುಖ ಊದಿದರೆ, ಕಾಲಿನ ಮೇಲೆ ರಕ್ತ ಹೆಪ್ಪುಗಟ್ಟಿದ ಕಲೆ ಕಂಡರೆ, ಊರಲ್ಲಿ ಕಾಗೆಗಳೂ ಕೆರೆಯ ಹಕ್ಕಿಗಳೂ ಸಾಯುತ್ತಿದ್ದರೆ ಹಕ್ಕಿಜ್ವರದ ಅನುಮಾನ ಬಲವಾಗುತ್ತದೆ. ನಮ್ಮ ರಾಜ್ಯಕ್ಕೆ ಅದು ಹೊಸದಲ್ಲ. 2012ರಲ್ಲಿ ಹೆಸರಘಟ್ಟದಲ್ಲಿ, 2020ರಲ್ಲಿ ಮೈಸೂರು ಮತ್ತು ದಾವಣಗೆರೆ ಜಿಲ್ಲೆಗಳಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿ ಕಂಡಿದೆ. ಖಚಿತಪಡಿಸುವುದು ಭೋಪಾಲದ ಪ್ರಯೋಗಾಲಯ. ಹಾಗಾಗಿ ಪಕ್ಕದ ಊರಿನವರು ಪಶು ಆಸ್ಪತ್ರೆಗೆ ತಿಳಿಸಿದ್ದಾರೋ ಇಲ್ಲವೋ ಎಂದು ಇಂದೇ ವಿಚಾರಿಸಿ. ತಿಳಿಸಿಲ್ಲದಿದ್ದರೆ ನೀವೇ ತಿಳಿಸಿ. ‘ಹೇಳಿದರೆ ಬಂದು ಎಲ್ಲವನ್ನೂ ಕೊಂದುಬಿಡುತ್ತಾರೆ’ ಎಂಬ ಹೆದರಿಕೆ ಜನಕ್ಕಿದೆ. ಆ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಹಕ್ಕಿಜ್ವರ ಎಂದು ಖಚಿತವಾದಾಗ ಸರ್ಕಾರ ಪರಿಹಾರ ಕೊಡುವುದು ಇಲಾಖೆಯವರು ಬಂದು ನಾಶ ಮಾಡಿದ ಜೀವಂತ ಕೋಳಿಗೆ ಮಾತ್ರ. ಮುಚ್ಚಿಟ್ಟುಕೊಂಡು ಕೂತರೆ ಕೋಳಿಯೂ ಇಲ್ಲ, ಪರಿಹಾರವೂ ಇಲ್ಲ.

ಈಗ ನಿಮ್ಮ ಹಿತ್ತಲು. ಇಂದಿನಿಂದಲೇ ಕೋಳಿಗಳನ್ನು ಬಿಟ್ಟು ಮೇಯಿಸುವುದನ್ನು ನಿಲ್ಲಿಸಿ. ಹಳೆಯ ಮೀನುಬಲೆಯೋ ಸೀರೆಯೋ ಕಟ್ಟಿ ಹಿತ್ತಲ ಒಂದು ಮೂಲೆಯನ್ನು ಮರೆಮಾಡಿ ಅಲ್ಲೇ ಕೂಡಿಹಾಕಿ. ರಾಗಿ, ಜೋಳ, ನುಚ್ಚು, ಕೊಯ್ದ ಸೊಪ್ಪು, ನೀರು ಎಲ್ಲ ಅಲ್ಲೇ ಕೊಡಿ. ಎರಡು ಮೂರು ವಾರ ಅವು ಗಲಾಟೆ ಮಾಡುತ್ತವೆ, ಮೊಟ್ಟೆ ಕಡಿಮೆಯಾಗಬಹುದು. ಸಹಿಸಿಕೊಳ್ಳಿ. ಈ ರೋಗ ಗಾಳಿಯಲ್ಲಿ ಹಾರಿ ಊರಿಂದೂರಿಗೆ ಬರುವುದಕ್ಕಿಂತ ಹೆಚ್ಚಾಗಿ ನಮ್ಮ ಚಪ್ಪಲಿ, ಮಂಕರಿ, ಸೈಕಲ್ ಚಕ್ರ, ಕೋಳಿ ಕೊಳ್ಳಲು ಮನೆಮನೆ ತಿರುಗುವ ವ್ಯಾಪಾರಿಯ ಕೈ ಇವುಗಳ ಜೊತೆ ಬರುತ್ತದೆ. ವ್ಯಾಪಾರಿಯನ್ನು ರಸ್ತೆಯಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿ. ಗೂಡಿಗೆ ಹೋಗಲು ಬೇರೆಯೇ ಒಂದು ಜೊತೆ ಚಪ್ಪಲಿ ಇಟ್ಟುಕೊಳ್ಳಿ. ಮನೆಯಲ್ಲಿ ಒಬ್ಬರೇ ಕೋಳಿ ನೋಡಿಕೊಳ್ಳಲಿ. ಅವರು ಮುಂಚೆ ಮತ್ತು ಆಮೇಲೆ ಕೈಕಾಲನ್ನು ಸೋಪು ಹಚ್ಚಿ ತೊಳೆಯಲಿ. ಈ ವೈರಸ್ಸಿನ ಮೈಮೇಲಿನ ಕೊಬ್ಬಿನ ಪೊರೆಯನ್ನು ಸೋಪು ಕರಗಿಸಿಬಿಡುತ್ತದೆ, ಆದ್ದರಿಂದ ದುಬಾರಿ ಔಷಧವೇ ಬೇಕೆಂದಿಲ್ಲ. ಆದರೆ ಹಿಕ್ಕೆಯ ಗಟ್ಟಿ ಪದರದ ಮೇಲೆ ಸುಣ್ಣವನ್ನೋ ಬ್ಲೀಚಿಂಗ್ ಪೌಡರನ್ನೋ ಉದುರಿಸಿದರೆ ಏನೂ ಆಗದು. ಮೊದಲು ಕೆರೆದು ಗುಡಿಸಿ, ತೊಳೆದು, ಬಿಸಿಲು ಬೀಳಿಸಿ, ಆಮೇಲೆ ಸುಣ್ಣ ಬಳಿಯಿರಿ. ಪೇಟೆಯಿಂದ ತಂದ ಕೋಳಿಯ ಪುಕ್ಕ, ಕರುಳು, ತೊಳೆದ ನೀರು ಹಿತ್ತಲಿಗೆ ಬೀಳಬಾರದು. ಇದನ್ನು ಬಹಳ ಮನೆಗಳಲ್ಲಿ ಮರೆಯುತ್ತಾರೆ.

ಲಸಿಕೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಿತ್ತಲ ಕೋಳಿ ಉಳಿಯುವುದೂ ಅಳಿಯುವುದೂ ಇಲ್ಲೇ. ಮರಿಗಳಿಗೆ ಮೊದಲ ವಾರದಲ್ಲಿ, ಸಾಮಾನ್ಯವಾಗಿ ಐದರಿಂದ ಏಳನೇ ದಿನದೊಳಗೆ, ಎಫ್1 ಅಥವಾ ಲಸೋಟಾ ಲಸಿಕೆಯನ್ನು ಕಣ್ಣಿಗೋ ಮೂಗಿಗೋ ಒಂದು ಹನಿ ಬಿಡುತ್ತಾರೆ. ಸುಮಾರು ನಾಲ್ಕನೇ ವಾರಕ್ಕೆ ಲಸೋಟಾ ಮತ್ತೊಮ್ಮೆ. ಆರರಿಂದ ಎಂಟು ವಾರ ತುಂಬಿದ ಮೇಲೆ ಆರ್2ಬಿಯನ್ನು ರೆಕ್ಕೆಯಡಿ ಚರ್ಮದ ಕೆಳಗೆ ಅರ್ಧ ಎಂ.ಎಲ್. ಚುಚ್ಚುತ್ತಾರೆ. ಆರ್2ಬಿ ಖಾರವಾದ ಲಸಿಕೆ. ಆರು ವಾರ ತುಂಬದ ಮರಿಗೆ ಚುಚ್ಚಿದರೆ ಲಸಿಕೆಯಿಂದಲೇ ಮರಿ ಕಾಯಿಲೆ ಬಿದ್ದೀತು. ಒಂದು ವಾರ ಮೊದಲು ಜಂತುಹುಳುವಿನ ಔಷಧಿ ಕೊಟ್ಟಿದ್ದರೆ ಲಸಿಕೆ ಚೆನ್ನಾಗಿ ಹಿಡಿಯುತ್ತದೆ.

ಇವೆಲ್ಲ ಜೀವಂತ ವೈರಸ್ಸಿನ ಲಸಿಕೆಗಳು, ಬಿಸಿ ತಾಗಿದರೆ ಕೆಡುತ್ತವೆ. ಆಸ್ಪತ್ರೆಯಿಂದ ಐಸ್ ಹಾಕಿದ ಫ್ಲಾಸ್ಕಿನಲ್ಲೇ ತರಬೇಕು. ಅಂಗಿಯ ಜೇಬಿನಲ್ಲಿ ಬಂದ ಬಾಟಲಿಯಿಂದ ಪ್ರಯೋಜನವಿಲ್ಲ. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಯಬೇಕು, ಉಳಿದದ್ದನ್ನು ನಾಳೆಗೆ ಇಡುವ ಹಾಗಿಲ್ಲ. ಆದ್ದರಿಂದ ಬೆಳಗಿನ ಜಾವ, ಕೋಳಿಗಳು ಇನ್ನೂ ಗೂಡಲ್ಲಿರುವಾಗ ಶುರುಮಾಡುವುದು ಒಳ್ಳೆಯದು.

ನೂರು ಕೋಳಿಗಾಗುವ ಬಾಟಲಿ ನಿಮಗೆ ಅಡ್ಡಿಯಾಗಿ ಕಂಡಿದೆ. ನಾನಾದರೆ ಅದನ್ನು ಒಳ್ಳೆಯ ಅವಕಾಶ ಎನ್ನುತ್ತೇನೆ. ನಿಮ್ಮ 20 ಕೋಳಿಗೆ ಮಾತ್ರ ಲಸಿಕೆಯಾಗಿ ಪಕ್ಕದ ನಾಲ್ಕು ಹಿತ್ತಲು ಹಾಗೇ ಉಳಿದರೆ ರೋಗ ನಿಮ್ಮ ಬೇಲಿಯ ಬುಡದಲ್ಲೇ ಇರುತ್ತದೆ, ನಿಮ್ಮಲ್ಲಿ ಮುಂದೆ ಹುಟ್ಟುವ ಮರಿಗಳಿಗೆ ಕಾಯುತ್ತಿರುತ್ತದೆ. ಬೀದಿಯ ಐದಾರು ಮನೆಯವರು ಸೇರಿ ಒಂದು ಬಾಟಲಿ ತಂದು ಒಂದೇ ಬೆಳಿಗ್ಗೆ ಮುಗಿಸಿ. ಸ್ತ್ರೀಶಕ್ತಿ ಸಂಘ ಇದ್ದರೆ ಈ ಕೆಲಸ ಅವರಿಗೆ ಸಲೀಸು. ನಮ್ಮ ಹೇಂಟೆಗಳು ಕಾವು ಕೂರುವುದು ಒಂದೇ ತಿಂಗಳಲ್ಲಲ್ಲವಲ್ಲ, ಮರಿಗಳು ವರ್ಷವಿಡೀ ಹುಟ್ಟುತ್ತವೆ. ಅದಕ್ಕೇ ಒಮ್ಮೆ ಹಾಕಿಸಿ ಮರೆಯದೆ, ಮೂರು ನಾಲ್ಕು ತಿಂಗಳಿಗೊಂದು ದಿನ ಗೊತ್ತುಮಾಡಿಕೊಂಡು ಆಯಾ ವಯಸ್ಸಿನ ಮರಿಗಳಿಗೆ ಆಯಾ ಲಸಿಕೆ ಹಾಕಿಸಿ. ದೊಡ್ಡವಕ್ಕೆ ಮತ್ತೆ ಯಾವಾಗ ಎಂಬುದನ್ನು ವೈದ್ಯರಿಂದ ಬರೆಸಿಕೊಳ್ಳಿ. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಜ್ಯದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯೇ ಕೋಳಿ ಲಸಿಕೆಗಳನ್ನೂ ತಯಾರಿಸುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮುಂಚಿತವಾಗಿ ಬೇಡಿಕೆ ಹೇಳಿಡಿ. ಗಿರಿರಾಜ, ಸ್ವರ್ಣಧಾರ ತಳಿಯ ಮರಿ ತಂದು ಸಾಕುವವರಿಗೂ ಇದೇ ಮಾತು. ತಳಿ ಯಾವುದಾದರೂ ಲಸಿಕೆ ತಪ್ಪಿಸುವಂತಿಲ್ಲ.

ಈಗ ಪಕ್ಕದೂರಲ್ಲಿ ರೋಗ ಎದ್ದಿರುವಾಗ ಲಸಿಕೆ ಹಾಕಿಸಬಹುದೇ? ನಿಮ್ಮ ಕೋಳಿಗಳಲ್ಲಿ ಒಂದೂ ಮಂಕಾಗಿಲ್ಲದಿದ್ದರೆ, ರೋಗ ಹಕ್ಕಿಜ್ವರವಲ್ಲ ಎಂದು ವೈದ್ಯರು ಹೇಳಿದರೆ, ತಡಮಾಡದೆ ಹಾಕಿಸಿ. ಆದರೆ ರಕ್ಷಣೆ ಮೂಡಲು ಒಂದೆರಡು ವಾರ ಬೇಕು. ಒಳಗಾಗಲೇ ಸೋಂಕು ಹೊಕ್ಕಿದ್ದ ಕೋಳಿ ಲಸಿಕೆಯ ಮರುದಿನವೋ ಮೂರನೇ ದಿನವೋ ಸಾಯಬಹುದು. ‘ಸೂಜಿ ಹಾಕಿಸಿದ್ದಕ್ಕೇ ಸತ್ತವು’ ಎಂಬ ಮಾತು ಊರೂರಲ್ಲಿ ಹುಟ್ಟಿರುವುದು ಹೀಗೆಯೇ. ಆ ಮಾತು ರೋಗದಷ್ಟೇ ಕೋಳಿಗಳನ್ನು ಕೊಲ್ಲುತ್ತಿದೆ ಎಂದು ನನ್ನ ನಂಬಿಕೆ. ಇನ್ನೊಂದು ಎಚ್ಚರ: ಲಸಿಕೆ ಹಾಕುವವರು ರೋಗವಿರುವ ಊರಿಂದ ನೇರವಾಗಿ ನಿಮ್ಮಲ್ಲಿಗೆ ಬರಬಾರದು, ಒಂದು ಮನೆಯ ಸೂಜಿ ಇನ್ನೊಂದು ಮನೆಗೆ ಹೋಗಬಾರದು.

ಬೆಳ್ಳುಳ್ಳಿ, ಅರಿಶಿನ ಕೊಟ್ಟರೆ ಕೋಳಿಗೆ ಕೆಡುಕಿಲ್ಲ, ಆದರೆ ಈ ರೋಗ ನಿಲ್ಲದು. ಟೆಟ್ರಾಸೈಕ್ಲಿನ್‌ನಂಥ ಆ್ಯಂಟಿಬಯೋಟಿಕ್‌ಗಳೂ ವೈರಸ್ಸನ್ನು ಮುಟ್ಟುವುದಿಲ್ಲ. ರೋಗ ಬಂದ ಮೇಲೆ ಔಷಧಿ ಇಲ್ಲ ಎಂಬುದೇ ಕಟುಸತ್ಯ.

ಒಂದು ವೇಳೆ ನಿಮ್ಮಲ್ಲೂ ಕೋಳಿ ಸತ್ತರೆ, ಕಾಯಿಲೆ ಬಿದ್ದದ್ದನ್ನು ಕೊಯ್ದು ಸಾರು ಮಾಡಬೇಡಿ. ರಾಣಿಖೇತ್ ಮನುಷ್ಯರಿಗೆ ಹೆಚ್ಚೆಂದರೆ ಕಣ್ಣು ಕೆಂಪಾಗಿಸುತ್ತದೆ, ಆದರೆ ಹಕ್ಕಿಜ್ವರವಾಗಿದ್ದರೆ ಪುಕ್ಕ ಕೀಳುವ ಕೈಗೇ ಅಪಾಯ. ಸತ್ತದ್ದನ್ನು ಬರಿಗೈಲಿ ಮುಟ್ಟದೆ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಟ್ಟು ವೈದ್ಯರಿಗೆ ತಿಳಿಸಿ. ಅವರು ಪರೀಕ್ಷೆಗೆ ಬೇಕೆಂದರೆ ಕೊಡಿ, ಬೇಡವೆಂದರೆ ಮೂರಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ತಿಪ್ಪೆಗೋ ನಾಲೆಗೋ ಎಸೆದರೆ ನಾಯಿ, ಕಾಗೆ ಅದನ್ನು ಊರೆಲ್ಲ ಹಂಚುತ್ತವೆ. ಖಾಲಿಯಾದ ಗೂಡನ್ನು ತೊಳೆದು ಕನಿಷ್ಠ ಒಂದು ತಿಂಗಳು ಹಾಗೇ ಬಿಟ್ಟು ಆಮೇಲೆ ಹೊಸ ಮರಿ ತನ್ನಿ.

ಪಶು ಆಸ್ಪತ್ರೆಯ ವೈದ್ಯರು ಸಿಗದಿದ್ದರೆ 1962ಕ್ಕೆ ಕರೆ ಮಾಡಿ. ಇವತ್ತೇ ಕೋಳಿಗಳನ್ನು ಕೂಡಿಹಾಕಿ, ಸಂಜೆಯೊಳಗೆ ಅಕ್ಕಪಕ್ಕದ ಮನೆಗಳಲ್ಲಿ ಎಷ್ಟು ಕೋಳಿ, ಎಷ್ಟು ಮರಿ ಇವೆ ಎಂದು ಬರೆದುಕೊಂಡು, ನಾಳೆ ಬೆಳಿಗ್ಗೆ ಆ ಪಟ್ಟಿಯ ಜೊತೆ ಆಸ್ಪತ್ರೆಗೆ ಹೋಗಿ.